ಹಳದಿ ದಾಸವಾಳದ ಕೆಂಪು ಇತಿಹಾಸ

ನಮ್ಮ ನೆಂಟರು ಮತ್ತು ಸ್ನೇಹಿತರ ಪೈಕಿ ಏಳು ಮನೆಗಳ ಅಂಗಳದಲ್ಲಿ ನಾನು ಕೊಟ್ಟ ದಾಸವಾಳದ ಗಿಡಗಳಿವೆ. ಏಳೂ ಸೊಂಪಾಗಿ ಬೆಳೆದಿವೆ, ಏಳೂ ತಪ್ಪದೆ ಹೂ ಬಿಡುತ್ತಿವೆ. ಕೊಟ್ಟ ಗಿಡ ಬದುಕಿ ಹೂ ಬಿಟ್ಟರೆ ಕೊಟ್ಟವನು ಹೆಮ್ಮೆಪಡಬೇಕು, ನಿಜ. ಆದರೆ ನಾನು ಆ ಮನೆಗಳಿಗೆ ಹೋದಾಗ ಅಂಗಳದ ಕಡೆ ಕಣ್ಣು ಹಾಯಿಸದೆ ಗೇಟಿನಿಂದ ನೇರವಾಗಿ ಬಾಗಿಲಿಗೆ ನಡೆದು, ಕುಳಿತುಕೊಳ್ಳುವುದಕ್ಕೆ ಮೊದಲೇ ಬೇರೆ ಯಾವುದಾದರೂ ಮಾತು ತೆಗೆಯುತ್ತೇನೆ. ಏಕೆಂದರೆ ಆ ಏಳನ್ನೂ ನಾನು ಹಳದಿ ದಾಸವಾಳವೆಂದು ಹೇಳಿ, ನೀರು ಹಾಕುವ ಕ್ರಮದ ಬಗ್ಗೆ ಸಣ್ಣದೊಂದು ಉಪನ್ಯಾಸವನ್ನೂ ಕೊಟ್ಟು ಒಪ್ಪಿಸಿದ್ದೆ. ಏಳೂ ಕೆಂಪು ಹೂ ಬಿಟ್ಟವು.

ಹಳದಿ ದಾಸವಾಳದ ಹುಚ್ಚು ನನಗೆ ಹಿಡಿದದ್ದು ಪರಿಚಯದವರೊಬ್ಬರ ಮನೆಯಲ್ಲಿ ಅಂಗೈಗಿಂತ ಅಗಲವಾದ ಒಂದು ಹೂವನ್ನು ಕಂಡ ದಿನ. ಅರಿಶಿನ ಬಣ್ಣದ ಐದು ಎಸಳುಗಳು, ನಡುವೆ ಕಡುಗೆಂಪು ಕಣ್ಣು, ಆ ಕಣ್ಣಿನಿಂದ ಹೊರಚಾಚಿದ ಕೇಸರದ ಕಂಬ, ಕಂಬದ ತುದಿಯಲ್ಲಿ ಮಕಮಲ್ಲಿನಂಥ ಐದು ಪುಟ್ಟ ಗುಂಡುಗಳು. ಮನೆಗೆ ಬಂದು ಇದನ್ನೆಲ್ಲ ಕೈಯಾಡಿಸಿ ವರ್ಣಿಸಿದಾಗ ನನ್ನ ಹೆಂಡತಿ ಸಾವಧಾನವಾಗಿ ಕೇಳಿಸಿಕೊಂಡು, "ನೀವು ಹೇಳ್ತಿರೋದು ಬೆಂಡೆ ಹೂವಿನ ಹಾಗೇ ಇದೆಯಲ್ಲ ರೀ. ನಾಲ್ಕು ಬೆಂಡೆ ಬೀಜ ಹಾಕಿ, ಎರಡು ತಿಂಗಳಲ್ಲಿ ಹೂವೂ ಆಯ್ತು, ಕಾಯೂ ಆಯ್ತು" ಎಂದಳು. ನನಗೆ ಆಗ ಬಂದದ್ದು ಸಿಟ್ಟು. ಆಮೇಲೆ ಓದಿ ನೋಡಿದರೆ ಅವಳ ಮಾತಿನಲ್ಲಿ ತಪ್ಪೇ ಇರಲಿಲ್ಲ: ದಾಸವಾಳ, ಬೆಂಡೆ, ಹತ್ತಿ ಮೂರೂ ಒಂದೇ ಕುಟುಂಬದ ಸಸ್ಯಗಳು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ದಾಸವಾಳಕ್ಕೆ 'ಹಿಬಿಸ್ಕಸ್ ರೋಸಾ-ಸೈನೆನ್ಸಿಸ್' ಎಂದು ಹೆಸರಿಟ್ಟ. ಕೊನೆಯ ಭಾಗದ ಅರ್ಥ 'ಚೀನಾದ ಗುಲಾಬಿ' ಎಂದು; ಗುಲಾಬಿಗೂ ದಾಸವಾಳಕ್ಕೂ ಹತ್ತಿರದ ನೆಂಟಸ್ತಿಕೆಯೇನೂ ಇಲ್ಲ. ದಾಸವಾಳಕ್ಕೆ ತಪ್ಪು ಚೀಟಿ ಅಂಟಿಸಿದವರಲ್ಲಿ ನಾನು ಮೊದಲಿಗನಲ್ಲ ಎಂಬುದನ್ನು ಓದುಗರು ಮುಂದಿನ ಕಥೆಯನ್ನು ಕೇಳುವಾಗ ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ.

ನಾನು ತಂದದ್ದು ಕಸಿ ಗಿಡ. ಅದು ಕಸಿ ಗಿಡವೆಂಬುದು ಗೊತ್ತಿತ್ತು. ಕಸಿ ಎಂದರೆ ಏನೆಂಬುದು ಮಾತ್ರ ಗೊತ್ತಿರಲಿಲ್ಲ. ಬಣ್ಣದ ಹೂ ಬಿಡುವ ಮಿಶ್ರತಳಿಯ ದಾಸವಾಳಗಳಲ್ಲಿ ಹಲವಕ್ಕೆ ಸ್ವಂತ ಬೇರಿನ ಬಲ ಸಾಲದು. ಆದ್ದರಿಂದ ಗಟ್ಟಿ ಬೇರಿನ ಸಾದಾ ದಾಸವಾಳವೊಂದರ ಬುಡಕ್ಕೆ ಬಣ್ಣದ ತಳಿಯ ಕಡ್ಡಿಯನ್ನು ಕೂಡಿಸಿ ಕಟ್ಟುತ್ತಾರೆ. ಎರಡೂ ಬೆಸೆದುಕೊಂಡ ಜಾಗದಲ್ಲಿ ಒಂದು ಗಂಟು ಉಳಿಯುತ್ತದೆ. ಗಂಟಿನ ಕೆಳಗಿನದು ಮಣ್ಣಿನಲ್ಲಿ ದುಡಿಯುತ್ತದೆ, ಮೇಲಿನದು ಅಲಂಕಾರ ಮಾಡಿಕೊಂಡು ನಿಲ್ಲುತ್ತದೆ. ಆದರೆ ದುಡಿಯುವವನಿಗೂ ಒಮ್ಮೊಮ್ಮೆ ತಾನೇ ಹೂ ಬಿಡಬೇಕೆಂಬ ಆಸೆ ಹುಟ್ಟುತ್ತದೆ. ಆಗ ಗಂಟಿನ ಕೆಳಗಿನಿಂದ ಚಿಗುರೊಡೆಯುತ್ತದೆ. ಆ ಚಿಗುರನ್ನು ಕಂಡ ತಕ್ಷಣ ಚಿವುಟಬೇಕು. ಚಿವುಟದಿದ್ದರೆ ಅದು ಮೇಲಿನ ನಾಜೂಕಿನ ಕಡ್ಡಿಗೆ ಸಲ್ಲಬೇಕಾದದ್ದನ್ನೆಲ್ಲ ತಾನೇ ಕುಡಿದು ಬೆಳೆಯುತ್ತದೆ.

ನನ್ನ ಗಿಡದಲ್ಲಿ ಆ ಚಿಗುರು ಕಾಣಿಸಿಕೊಂಡಾಗ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅದು ವಾರಕ್ಕೊಂದು ಗೇಣು ಎಂಬಂತೆ ಎದ್ದು ನಿಂತಿತು. ಮೇಲಿನ ಕಡ್ಡಿಗಳ ಎಲೆ ಅಗಲ, ಗುಂಡು, ಎಣ್ಣೆ ಸವರಿದಂತೆ ಹೊಳಪು. ಈ ಹೊಸ ರೆಂಬೆಯ ಎಲೆ ಸಣ್ಣದು, ತುದಿ ಚೂಪು, ಅಂಚು ಗರಗಸ. ಒಂದೇ ಗಿಡದಲ್ಲಿ ಎರಡು ಬಗೆಯ ಎಲೆ ಕಂಡರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಸಂತೋಷ: ಹಳೆಯ ಎಲೆ ಹಿಂದಿನವರ ಆರೈಕೆಯದು, ಹೊಸ ಎಲೆ ನನ್ನ ಆರೈಕೆಯದು ಎಂದು ತೀರ್ಮಾನಿಸಿದೆ. ನಾಲ್ಕು ತಿಂಗಳಾಗುವಷ್ಟರಲ್ಲಿ ಮೇಲಿನ ಕಡ್ಡಿಗಳು ಎಲೆ ಉದುರಿಸಿ ಬಡಕಲಾದವು. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಹಳೆಯ ಕಡ್ಡಿಗಳನ್ನು ಆಗಾಗ ಸವರಬೇಕು ಎಂದು ಎಲ್ಲೋ ಓದಿದ್ದೆ. ಓದಿದ್ದು ಸರಿಯಾಗಿಯೇ ಇತ್ತು. ಒಂದು ಬೆಳಿಗ್ಗೆ ಕತ್ತರಿ ತೆಗೆದುಕೊಂಡು, ಆ ಬಡಕಲು ಕಡ್ಡಿಗಳನ್ನೆಲ್ಲ ಗಂಟಿನವರೆಗೆ ಸವರಿ ಹಾಕಿದೆ. ಗಂಟನ್ನು ನಾನು ಅದುವರೆಗೂ ಹಳೆಯ ಗಾಯವೆಂದೇ ತಿಳಿದಿದ್ದೆ. ಹೀಗೆ ನಾನು ಬಯಸಿ ತಂದ ಗಿಡವನ್ನು ಸ್ವಹಸ್ತದಿಂದ ತೆಗೆದುಹಾಕಿ, ಅದರ ಆಳನ್ನು ಯಜಮಾನನ ಪಟ್ಟಕ್ಕೇರಿಸಿ, ಪಟ್ಟಾಭಿಷೇಕದ ನೀರನ್ನೂ ಎರೆದೆ.

ಆ ಹುರುಪಿನಲ್ಲಿಯೇ ವಂಶಾಭಿವೃದ್ಧಿಯ ಯೋಚನೆ ಬಂತು. ಹೊಸ ರೆಂಬೆಯಿಂದ ಪೆನ್ಸಿಲ್ ದಪ್ಪದ, ಗೇಣಿಗಿಂತ ಸ್ವಲ್ಪ ಗಿಡ್ಡವಾದ ಹನ್ನೆರಡು ಕಡ್ಡಿಗಳನ್ನು ಕತ್ತರಿಸಿದೆ. ತೀರಾ ಎಳೆಯದು ಕೊಳೆಯುತ್ತದೆ, ತೀರಾ ಬಲಿತದ್ದು ಬೇರು ಬಿಡಲು ಹಟ ಮಾಡುತ್ತದೆ. ಹಸಿರು ಕಳೆದು ಕಂದು ಬಣ್ಣಕ್ಕೆ ತಿರುಗುತ್ತಿರುವ ಕಡ್ಡಿಯೇ ಸರಿ. ಕೆಳಗಿನ ಕೊಯ್ತ ಗೆಣ್ಣಿನ ಸ್ವಲ್ಪ ಕೆಳಗೆ ಬರಬೇಕು, ಕೆಳಗಿನ ಎಲೆಗಳನ್ನು ತೆಗೆಯಬೇಕು, ಮೇಲೆ ಉಳಿಸಿದ ಒಂದೆರಡು ಎಲೆಗಳನ್ನೂ ಅರ್ಧಕ್ಕೆ ಕತ್ತರಿಸಬೇಕು, ಏಕೆಂದರೆ ಬೇರಿಲ್ಲದ ಕಡ್ಡಿ ಎಲೆಯಿಂದ ಆರಿಹೋಗುವ ನೀರನ್ನು ತುಂಬಿಕೊಳ್ಳಲಾರದು. ಇಷ್ಟನ್ನೂ ಅಚ್ಚುಕಟ್ಟಾಗಿ ಮಾಡಿದೆ. ಆದರೆ ಮುಂದಿನ ಬಾರಿಗಾಗಿ ಕತ್ತರಿಸಿಟ್ಟ ಎಲೆಯಿಲ್ಲದ ಆರು ಕಡ್ಡಿಗಳ ನಡುವೆ ಫೋನು ಬಂದು, ಮಾತು ಮುಗಿಸಿ ಬರುವಷ್ಟರಲ್ಲಿ ಅವುಗಳ ತಲೆ ಯಾವುದು, ಬುಡ ಯಾವುದು ಎಂಬುದು ಮರೆತುಹೋಯಿತು.

ಕಡ್ಡಿಗೆ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ಕಡ್ಡಿಗೆ ಬಹಳ ವ್ಯತ್ಯಾಸವಿದೆ. 1878ರಲ್ಲಿಯೇ ಜರ್ಮನಿಯ ಸಸ್ಯವಿಜ್ಞಾನಿ ಹರ್ಮನ್ ಫೋಖ್ಟಿಂಗ್ ವಿಲೋ ಮರದ ಕಡ್ಡಿಗಳನ್ನು ತಲೆಕೆಳಗಾಗಿ ತೂಗುಹಾಕಿ ನೋಡಿದ್ದ; ಹೇಗೆ ತೂಗಿದರೂ ಬೇರು ಹೊರಟದ್ದು ಮೂಲತಃ ಬುಡವಾಗಿದ್ದ ತುದಿಯಿಂದಲೇ. ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕಾಂಡದಲ್ಲಿ ಒಂದೇ ದಿಕ್ಕಿಗೆ, ತುದಿಯಿಂದ ಬುಡದ ಕಡೆಗೆ ಹರಿಯುತ್ತದೆ ಎಂಬುದು ಅದರ ಗುಟ್ಟು. ಇದರ ಅರಿವಿರುವವರು ಬುಡವನ್ನು ಓರೆಯಾಗಿಯೂ ತಲೆಯನ್ನು ನೇರವಾಗಿಯೂ ಕತ್ತರಿಸಿ ಗುರುತಿಟ್ಟುಕೊಳ್ಳುತ್ತಾರೆ. ನನ್ನ ಆರು ಕಡ್ಡಿಗಳ ಎರಡೂ ತುದಿ ಓರೆಯಾಗಿದ್ದವು. ಎರಡು ಕಡೆಯೂ ಒಂದೇ ಅಂದ ಇರಲಿ ಎಂದು ನಾನೇ ಹಾಗೆ ಕತ್ತರಿಸಿದ್ದೆ. ಅವುಗಳಲ್ಲಿ ಎಷ್ಟು ಶೀರ್ಷಾಸನದಲ್ಲಿ ಪ್ರಾಣ ಬಿಟ್ಟವೋ ದೇವರೇ ಬಲ್ಲ; ಒಂದೂ ಉಳಿಯಲಿಲ್ಲ.

ಎಲೆ ಇದ್ದ ಹನ್ನೆರಡನ್ನು ಮರಳು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿದ ಅಗಲವಾದ ಕುಂಡದಲ್ಲಿ ಊರಿ, ತೇವ ಆರದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಹಾಳೆ ಎಲೆಗೆ ತಾಕಬಾರದಲ್ಲ, ಅದಕ್ಕೆ ನಾಲ್ಕು ಮೂಲೆಗೆ ಗೂಟ ಬೇಕಿತ್ತು. ಅಲ್ಲೇ ಬಿದ್ದಿದ್ದ, ಸವರಿ ಹಾಕಿದ ಬಡಕಲು ಕಡ್ಡಿಗಳಲ್ಲಿ ನಾಲ್ಕನ್ನು ಎತ್ತಿ ನೆಟ್ಟೆ. ಅವುಗಳ ಮಟ್ಟಿಗೆ ಆ ದಿನ ನಾನು ಮಾಡಿದ್ದು ಇಷ್ಟೇ. ಗೆಣ್ಣು ನೋಡಲಿಲ್ಲ, ಎಲೆ ಕತ್ತರಿಸಲಿಲ್ಲ, ಅವುಗಳ ಮುಂದೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ.

ಹತ್ತನೆಯ ದಿನ ಕಡ್ಡಿಗಳಲ್ಲಿ ಚಿಗುರು ಕಂಡಾಗ ನನಗೆ ನೆಲ ಕಾಣದಾಯಿತು. ಬೇರು ಎಷ್ಟುದ್ದ ಬಂದಿರಬಹುದೆಂದು ಒಂದನ್ನು ಮೆಲ್ಲಗೆ ಕಿತ್ತು ನೋಡಿದೆ. ಒಂದು ಎಳೆಯೂ ಇರಲಿಲ್ಲ. ಕಡ್ಡಿ ತನ್ನೊಳಗೆ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಬೇರಿಲ್ಲದೆಯೂ ಚಿಗುರಬಲ್ಲದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಇದು ಒಂದರ ದೋಷವಿರಬಹುದೆಂದು ಇನ್ನೊಂದನ್ನು ಕಿತ್ತೆ, ಅನುಮಾನ ತೀರದೆ ಮತ್ತೆ ಒಂದನ್ನು ಕಿತ್ತೆ. ಮೂರು ವಾರ ಕಳೆದ ಮೇಲೆ ನಡೆಸಿದ ಎರಡನೆಯ ತಪಾಸಣೆಯಲ್ಲಿ ಎರಡು ಕಡ್ಡಿಗಳ ಬುಡದಲ್ಲಿ ಬೆಳ್ಳಗೆ, ಹರಳು ಹರಳಾಗಿ ಏನೋ ಅಂಟಿಕೊಂಡಿತ್ತು. ದಾಸವಾಳಕ್ಕೆ ಹಿಟ್ಟು ತಿಗಣೆಯ ಕಾಟ ಹೆಚ್ಚೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ನಾನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸಾಬೂನು ನೀರು ಹಚ್ಚಿ, ಆ ಎರಡೂ ಕಡ್ಡಿಗಳ ಬುಡವನ್ನು ಹಲ್ಲುಜ್ಜಿದಷ್ಟೇ ಶ್ರದ್ಧೆಯಿಂದ ಉಜ್ಜಿ ತೊಳೆದು ಮತ್ತೆ ನೆಟ್ಟೆ. ಗಾಯ ಮಾಯುವಾಗ ಕೊಯ್ತದ ಬಾಯಿಯಲ್ಲಿ ಕಟ್ಟಿಕೊಳ್ಳುವ ಆ ಬಿಳಿಯ ಹರಳನ್ನು ಕ್ಯಾಲಸ್ ಎನ್ನುತ್ತಾರೆಂದೂ, ಬೇರು ಬರುವ ಮುನ್ನ ಅದು ಕಾಣಿಸಿಕೊಂಡರೆ ಕೆಲಸ ಸರಿಯಾದ ದಾರಿಯಲ್ಲಿದೆ ಎಂದರ್ಥವೆಂದೂ ಓದಿದ್ದು ಅದಾದ ಎರಡು ದಿನಕ್ಕೆ. ಆ ಮೇಲೆ ಹೆಂಡತಿ ಕುಂಡವನ್ನು ಎತ್ತಿ ನನಗೆ ಕಾಣದ ಕಡೆ, ಹಿತ್ತಿಲಿನ ನೆರಳಿನಲ್ಲಿ ಇಟ್ಟಳು. ಉಳಿದ ಏಳು ಬೇರು ಬಿಟ್ಟವು.

ಅವುಗಳ ವಿತರಣೆ ಹೇಗೆ ನಡೆಯಿತೆಂಬುದನ್ನು ವಿಸ್ತರಿಸುವುದಿಲ್ಲ. ಮೊದಲ ಫೋನು ಬಂದದ್ದು ಅತ್ತಿಗೆಯಿಂದ. "ಹಳದಿ ಅಂದಿದ್ದೆಯಲ್ಲಪ್ಪ, ಇದು ಹಣ್ಣಾದ ಮೇಲೆ ಹಳದಿ ಆಗುತ್ತಾ?" ಎಂದು ಅವರು ಮುಗ್ಧವಾಗಿ ಕೇಳಿದರೋ ಬೇಕೆಂದೇ ಕೇಳಿದರೋ ಇಂದಿಗೂ ತಿಳಿಯದು. ದಾಸವಾಳದ ಹೂವಿನ ಆಯುಸ್ಸು ಸಾಮಾನ್ಯವಾಗಿ ಒಂದೇ ದಿನ, ಆದ್ದರಿಂದ ನಾಳೆಯ ಹೂ ನೋಡೋಣ ಎಂದು ಎರಡು ವಾರ ದೂಡಿದೆ. ನನ್ನ ಗಿಡವೂ ಕೆಂಪು ಹೂ ಬಿಟ್ಟ ಮೇಲೆ ವಾದವನ್ನು ಬದಲಿಸಿ, 1960ರಿಂದ ಮಲೇಷ್ಯಾದ ರಾಷ್ಟ್ರೀಯ ಪುಷ್ಪ ಇದೇ ಕೆಂಪು ದಾಸವಾಳ, ಒಂದು ದೇಶಕ್ಕೆ ಸಾಕಾದದ್ದು ನಮ್ಮ ಅಂಗಳಕ್ಕೆ ಸಾಲದೇ ಎಂದು ಕೇಳಿದೆ. ಭಾವನವರು, "ಮಲೇಷ್ಯಾದವರಿಗೂ ನೀನೇ ಕೊಟ್ಟಿದ್ದಾ?" ಎಂದರು.

ಪ್ಲಾಸ್ಟಿಕ್ ಹಾಳೆಯನ್ನು ತೆಗೆದಿದ್ದರೂ ಅದರ ಗೂಟಗಳು ಹಿತ್ತಿಲಿನ ಕುಂಡದಲ್ಲಿಯೇ ಉಳಿದಿದ್ದವು. ಒಂದು ದಿನ ಹೆಂಡತಿ, "ರೀ, ಇಲ್ಲಿ ಬನ್ನಿ. ಕೈ ಹಿಂದೆ ಕಟ್ಟಿಕೊಂಡು ಬನ್ನಿ" ಎಂದು ಕರೆದಳು. ಮೂರು ಗೂಟಗಳು ಒಣಗಿ ಸೌದೆಯಾಗಿದ್ದವು. ನಾಲ್ಕನೆಯದರ ತುದಿಯಲ್ಲಿ ಎರಡು ಎಲೆ: ಅಗಲ, ಗುಂಡು, ಎಣ್ಣೆ ಸವರಿದಂತೆ ಹೊಳಪು.

ಅದು ನಡೆದು ಐದು ತಿಂಗಳಾಯಿತು. ಗಿಡ ಎಂದು ಕರೆಯಲು ಸಂಕೋಚವಾಗುವಷ್ಟು ಸಣ್ಣದಾಗಿಯೇ ಅದು ಉಳಿದಿದೆ; ಸ್ವಂತ ಬೇರಿನ ಮೇಲೆ ನಿಂತ ಮಿಶ್ರತಳಿಯಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಅದಕ್ಕೆ ಬೇರು ಬಂದಿದೆಯೇ ಎಂಬುದನ್ನು ಕಿತ್ತು ನೋಡಲು ಮನೆಯಲ್ಲಿ ನನಗೆ ಅನುಮತಿಯಿಲ್ಲ, ಕತ್ತರಿ ಎಲ್ಲಿದೆ ಎಂಬುದೂ ನನಗೆ ತಿಳಿಯದಂತೆ ವ್ಯವಸ್ಥೆಯಾಗಿದೆ. ಕಳೆದ ವಾರ ಮೊದಲ ಮೊಗ್ಗು ಮೂಡಿದೆ. ನೀರು ಹೆಚ್ಚಾದರೂ ಮೊಗ್ಗು ಉದುರುತ್ತದೆ, ಕಡಿಮೆಯಾದರೂ ಉದುರುತ್ತದೆ, ಆದ್ದರಿಂದ ನೀರಿನ ಚೊಂಬನ್ನೂ ನನ್ನಿಂದ ದೂರವಿಟ್ಟಿದ್ದಾರೆ. ಮೊಗ್ಗನ್ನು ಹೊದ್ದಿರುವ ಹಸಿರು ಪುಷ್ಪಪಾತ್ರೆಯ ಸಂದಿನಿಂದ ಇನ್ನೂ ಯಾವ ಬಣ್ಣವೂ ಇಣುಕಿಲ್ಲ. ನಿನ್ನೆ ಸಂಜೆ ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ ಬಗ್ಗಿ ನೋಡಿ, "ಚೆನ್ನಾಗಿದೆಯಪ್ಪ ಎಲೆ, ಯಾವ ಬಣ್ಣದ್ದು? ನಮಗೂ ಒಂದು ಕಡ್ಡಿ ಕೊಡು" ಎಂದರು. ಬಾಯಿಗೆ ಬಂದ ಬಣ್ಣದ ಹೆಸರನ್ನು ನುಂಗಿಕೊಂಡು, "ಹೂ ಬಿಡಲಿ ಅಜ್ಜಿ, ನೀವೇ ನೋಡಿ ಹೇಳಿ" ಎಂದೆ.