ಕಡಲಿಂದ ಮೂರು ಕಿಲೋಮೀಟರ್ ಒಳಗೆ

ಕಡಲ ತೀರದಲ್ಲಿ ಸೈಕಲ್ ಸವಾರಿ ಅಂದ ಕೂಡಲೇ ಎಲ್ಲರ ತಲೆಗೂ ಬರುವ ಚಿತ್ರ ಒಂದೇ. ಒಂದು ಪಕ್ಕ ನೀಲಿ ನೀರು, ಇನ್ನೊಂದು ಪಕ್ಕ ಗುಡ್ಡ, ನಡುವೆ ನುಣ್ಣನೆಯ ರಸ್ತೆ. ಫೋಟೋ ಚೆನ್ನಾಗಿಯೇ ಬರುತ್ತದೆ. ಆ ಫೋಟೋದಲ್ಲಿ ಕಾಣದೇ ಇರುವುದು ಹಿಂದಿನಿಂದ ಒತ್ತಿಕೊಂಡು ಬರುವ ಟೂರಿಸ್ಟ್ ಬಸ್ಸು, ಪಾರ್ಕಿಂಗ್‌ಗೆ ಜಾಗ ಹುಡುಕುತ್ತಾ ತಟ್ಟನೆ ಬ್ರೇಕ್ ಹಾಕುವ ಕಾರು, ಹಿಂದೆ ನೋಡದೆ ತೆರೆಯುವ ಬಾಗಿಲು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕಡಲ ಬದಿಯ ಒಳ್ಳೆಯ ಸೈಕಲ್ ರಸ್ತೆ ಬಹಳ ಸಲ ಕಡಲ ಬದಿಯಲ್ಲಿ ಇರುವುದೇ ಇಲ್ಲ. ಎರಡು-ಮೂರು ಕಿಲೋಮೀಟರ್ ಒಳಗೆ, ಹೊಲ ತೋಟಗಳ ನಡುವೆ, ಊರಿಂದ ಊರಿಗೆ ಹೋಗುವ ಸಣ್ಣ ದಾರಿಯಲ್ಲಿ ಇರುತ್ತದೆ. ನೀರು ಆಗಾಗ ಮರಗಳ ಸಂದಿಯಲ್ಲಿ ಮಿಂಚಿ ಮರೆಯಾಗುತ್ತದೆ, ಅಷ್ಟೇ. ಬಿಸಿಲು, ಗಾಳಿ, ಬೆಳಕು ಎಲ್ಲದರಲ್ಲೂ ಸಮುದ್ರ ಇರುತ್ತದೆ. ಕಣ್ಣೆದುರು ಮಾತ್ರ ಇರುವುದಿಲ್ಲ.

ಈ ಒಳದಾರಿಗಳು ಯಾಕೆ ಚೆನ್ನಾಗಿರುತ್ತವೆ ಅನ್ನುವುದಕ್ಕೆ ನೆಲದಲ್ಲೇ ಉತ್ತರ ಇದೆ. ತಗ್ಗಾದ ಮರಳು ತೀರಗಳಲ್ಲಿ ಸಮುದ್ರ ಸಾವಿರಾರು ವರ್ಷಗಳಲ್ಲಿ ಹಿಂದೆ ಸರಿಯುತ್ತಾ ಮರಳಿನ ದಿಣ್ಣೆಗಳನ್ನು ಬಿಟ್ಟು ಹೋಗಿರುತ್ತದೆ. ತೀರಕ್ಕೆ ಸಮಾನಾಂತರವಾಗಿ ಒಂದರ ಹಿಂದೆ ಒಂದು ದಿಣ್ಣೆ, ನಡುವೆ ನೀರು ನಿಲ್ಲುವ ತಗ್ಗು. ಜನ ಒಣಗಿದ ದಿಣ್ಣೆಯ ಮೇಲೆ ಮನೆ ಕಟ್ಟಿಕೊಂಡರು, ತಗ್ಗಿನಲ್ಲಿ ಬೇಸಾಯ ಮಾಡಿದರು. ಹಳೇ ರಸ್ತೆಯೂ ದಿಣ್ಣೆಯ ಬೆನ್ನು ಹಿಡಿದೇ ಹೋಯಿತು. ಹಾಗಾಗಿ ಮೈಲಿಗಟ್ಟಲೆ ಏರಿಳಿತವಿಲ್ಲದೆ ಸಮುದ್ರದ ಜೊತೆಜೊತೆಗೇ ಸಾಗುವ ದಾರಿ ಸಿಗುತ್ತದೆ.

ಬಂಡೆ-ಕಮರಿಗಳ ತೀರದಲ್ಲಿ ಕಥೆ ಬೇರೆ. ಅಲ್ಲಿ ಅಂಚಿನ ರಸ್ತೆ ಪ್ರತಿಯೊಂದು ತೊರೆ ಸಮುದ್ರ ಸೇರುವ ಜಾಗಕ್ಕೆ ಇಳಿದು, ಮತ್ತೆ ಹತ್ತಬೇಕು. ಇಳಿಯುವುದು ಒಂದು ನಿಮಿಷ, ಹತ್ತುವುದು ಹತ್ತು ನಿಮಿಷ. ಇಳಿದು ಬಂದ ವೇಗವೆಲ್ಲ ಕೆಳಗಿನ ತಿರುವಿನಲ್ಲಿ ಬ್ರೇಕಿಗೇ ಹೋಗುತ್ತದೆ. ಸ್ವಲ್ಪ ಒಳಗೆ, ಎರಡು ಕಣಿವೆಗಳ ನಡುವಿನ ಏಣಿನ ಮೇಲೆ ಹೋಗುವ ರಸ್ತೆ ಇದ್ದರೆ ತೊರೆ ದಾಟುವ ಗೋಜೇ ಇಲ್ಲ. ನೆಲದ ಏರಿಳಿತ ತೋರಿಸುವ ಕಾಂಟೂರ್ ಗೆರೆಗಳಿರುವ ನಕ್ಷೆಯನ್ನು ಐದು ನಿಮಿಷ ನೋಡಿದರೆ ಇದು ಗೊತ್ತಾಗುತ್ತದೆ. ಅಷ್ಟೂ ನೋಡದೆ ಸುಮ್ನೆ ತೀರದ ಗೆರೆ ಹಿಡಿದು ಹೊರಟರೆ ತೊಡೆಗಳು ಬೆಲೆ ತೆರುತ್ತವೆ.

ಇನ್ನು ನದಿಗಳು. ನದಿ ಅಗಲವಾಗುವುದೇ ಸಮುದ್ರದ ಬಾಯಲ್ಲಿ. ಅಲ್ಲಿ ಸೇತುವೆ ಕಟ್ಟುವುದು ಕಷ್ಟ, ಖರ್ಚು ಜಾಸ್ತಿ. ಆದ್ದರಿಂದ ಸಣ್ಣ ರಸ್ತೆ ನದಿಯ ದಡ ಹಿಡಿದು ಒಳಗೆ ಹೋಗಿ, ಮೊದಲ ಸೇತುವೆ ದಾಟಿ, ಮತ್ತೆ ಹೊರಗೆ ಬರುತ್ತದೆ. ಎದುರು ದಡ ಕಣ್ಣಳತೆಯಲ್ಲೇ ಇದ್ದರೂ ಅರ್ಧ ದಿನದ ಸುತ್ತು. ಇದನ್ನು ನೋಡಿ ತುಂಬಾ ಜನ ಆ ದಾರಿಯನ್ನೇ ಕೈಬಿಡುತ್ತಾರೆ. ನನ್ನ ಪ್ರಕಾರ ಆ ಸುತ್ತೇ ಆ ರಸ್ತೆಯ ಭಾಗ್ಯ. ಅವಸರದಲ್ಲಿರುವ ಯಾವ ವಾಹನವೂ ಅಲ್ಲಿಗೆ ಬರುವುದಿಲ್ಲ. ಬರುವವರು ಅಲ್ಲಿಯವರು, ಅವರ ಟ್ರ್ಯಾಕ್ಟರ್, ಅವರ ದನ. ಶಾಂತವಾದ ರಸ್ತೆ ಬೇಕೆಂದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕಾರಿನವರಿಗೆ ಇದಕ್ಕಿಂತ ಬೇಗ ತಲುಪಿಸುವ ಬೇರೆ ದಾರಿ ಇದೆಯಾ? ಇದ್ದರೆ ಈ ದಾರಿ ನಮ್ಮದು.

ದಾರಿ ಹುಡುಕಲು ಸವಾರರು ಓಡಾಡಿದ ಜಾಗಗಳನ್ನು ಬಣ್ಣದಲ್ಲಿ ತೋರಿಸುವ ಹೀಟ್‌ಮ್ಯಾಪ್‌ಗಳನ್ನು ಪೂರ್ತಿ ನಂಬಬೇಡಿ. ಸವಾರಿ ದಾಖಲಿಸುವ ಆ್ಯಪ್ ಸ್ಟ್ರಾವಾದ ಹೀಟ್‌ಮ್ಯಾಪ್ ಹೆಚ್ಚು ಜನ ಎಲ್ಲಿ ಹೋದರು ಅನ್ನುವುದನ್ನು ಹೇಳುತ್ತದೆ, ಹೋದವರಿಗೆ ನೆಮ್ಮದಿ ಇತ್ತಾ ಅನ್ನುವುದನ್ನು ಹೇಳುವುದಿಲ್ಲ. ದೊಡ್ಡ ಗುಂಪುಗಳು ವೇಗಕ್ಕಾಗಿ ಹೆದ್ದಾರಿಯಲ್ಲೇ ಓಡಿಸಿದರೆ ಹೆದ್ದಾರಿಯೇ ಹೊಳೆಯುತ್ತದೆ. ನಾನು ಜನರೇ ಸೇರಿ ತಯಾರಿಸುವ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಣ್ಣ ಗೆರೆಗಳಿಂದ ಶುರು ಮಾಡುತ್ತೇನೆ. ಆಮೇಲೆ ಸ್ಯಾಟಲೈಟ್ ಚಿತ್ರದಲ್ಲಿ ಡಾಂಬರು ಇದೆಯಾ, ನೆರಳು ಇದೆಯಾ ನೋಡುತ್ತೇನೆ. ರಸ್ತೆಯ ನಡುವೆ ಹುಲ್ಲಿನ ಹಸಿರು ಗೀಟು ಕಂಡರೆ ಖುಷಿಯಾಗುತ್ತದೆ. ಗಾಡಿಗಳ ಓಡಾಟ ಕಡಿಮೆ ಇರುವಲ್ಲಿ ಮಾತ್ರ ಹುಲ್ಲು ನಡುವೆ ಬೆಳೆಯುತ್ತದೆ ಅಲ್ವಾ?

ಈಗ ಗಾಳಿಯ ವಿಷಯ. ಸಮುದ್ರದ ಹತ್ತಿರ ಸೈಕಲ್ ಹೊಡೆಯುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಆದರೂ ದಾರಿ ಹಾಕುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ.

ಆಕಾಶ ತಿಳಿಯಾಗಿದ್ದ ದಿನ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಕಾದ ನೆಲದ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಬೆಳಗಿನ ಹೊತ್ತು ಎಲೆಯೂ ಅಲುಗುವುದಿಲ್ಲ. ಹತ್ತು-ಹನ್ನೊಂದರ ಹೊತ್ತಿಗೆ ಶುರುವಾಗಿ, ಮಧ್ಯಾಹ್ನ ಜೋರಾಗಿ, ಸೂರ್ಯ ಮುಳುಗುವಾಗ ಇಳಿಯುತ್ತದೆ. ಶುರುವಿನಲ್ಲಿ ಅದು ತೀರಕ್ಕೆ ಅಡ್ಡಲಾಗಿ, ನೇರ ಒಳನಾಡಿನ ಕಡೆಗೆ ಬೀಸುತ್ತದೆ. ಆದರೆ ಇಡೀ ದಿನ ಹಾಗೇ ಇರುವುದಿಲ್ಲ. ಭೂಮಿ ತಿರುಗುವ ಕಾರಣ ಉತ್ತರಾರ್ಧಗೋಳದಲ್ಲಿ ಅದು ಮೆಲ್ಲಗೆ ಬಲಕ್ಕೆ ಹೊರಳುತ್ತದೆ. ಸಂಜೆ ಹೊತ್ತಿಗೆ ತೀರದ ಉದ್ದಕ್ಕೇ ಬೀಸುವಷ್ಟು ತಿರುಗಿರಬಹುದು. ಇದರಿಂದ ಒಂದು ಸರಳ ಸೂತ್ರ ಸಿಗುತ್ತದೆ. ಬೆಳಿಗ್ಗೆ ಸಮುದ್ರವನ್ನು ಎಡಕ್ಕೆ ಇಟ್ಟುಕೊಂಡು ಹೋಗಿ, ಮಧ್ಯಾಹ್ನದ ಮೇಲೆ ಬಲಕ್ಕೆ ಇಟ್ಟುಕೊಂಡು ವಾಪಸ್ ಬನ್ನಿ. ಹೊರಳಿದ ಗಾಳಿ ಬೆನ್ನಿಗೆ ಸಿಗುತ್ತದೆ. ತೀರ ಪೂರ್ವಕ್ಕಿರಲಿ, ಪಶ್ಚಿಮಕ್ಕಿರಲಿ, ಸೂತ್ರ ಅದೇ. ದಕ್ಷಿಣಾರ್ಧಗೋಳದಲ್ಲಿ ಎಡ-ಬಲ ಅದಲುಬದಲು. ಮಳೆಗಾಲದ ಗಾಳಿ, ಚಂಡಮಾರುತದ ಗಾಳಿ ಇರುವ ದಿನ ಈ ಲೆಕ್ಕ ನಡೆಯುವುದಿಲ್ಲ. ಆ ದಿನ ಹವಾಮಾನದ ವರದಿ ನೋಡಿಯೇ ಹೊರಡಬೇಕು.

ಗಾಳಿಯ ಶಕ್ತಿಯನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರಿನಿಂದ 15 ಕಿಲೋಮೀಟರ್ ವೇಗದ ಗಾಳಿ ಬಂದರೆ, ಮೈಗೆ ತಾಗುವುದು 40ರ ಗಾಳಿ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ ಎದೆಯ ಮೇಲಿನ ತಡೆ ಎರಡೂವರೆ ಪಟ್ಟಾಗುತ್ತದೆ. ವಾಪಸ್ ಬರುವಾಗ ಸರಿಹೋಗುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಹೋಗುವಾಗ 20, ಬರುವಾಗ 30 ವೇಗ ಅಂದರೆ ಸರಾಸರಿ 25 ಅಲ್ಲ, 24. ನಿಧಾನದ ಭಾಗದಲ್ಲೇ ಹೊತ್ತು ಜಾಸ್ತಿ ಕಳೆಯುತ್ತದೆ.

ಒಳದಾರಿಯ ದೊಡ್ಡ ಉಪಕಾರ ಇಲ್ಲಿದೆ. ಬೇಲಿ, ಮರ, ಮನೆ, ದಿಣ್ಣೆ ಎಲ್ಲವೂ ನೆಲಮಟ್ಟದ ಗಾಳಿಯನ್ನು ಮುರಿಯುತ್ತವೆ. ಬಯಲಿನ ತೀರದಲ್ಲಿ ಅಡ್ಡಗಾಳಿ ಏನು ಮಾಡಬಲ್ಲದು ಅನ್ನುವುದಕ್ಕೆ ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನ 2009ರ ಓಟ ನೋಡಿ. ಮೂರನೇ ಹಂತ ಮೆಡಿಟರೇನಿಯನ್ ತೀರದ ಲಾ ಗ್ರಾಂಡ್ ಮೋಟ್‌ಗೆ ಹೋಗುತ್ತಿತ್ತು. ಬೆಟ್ಟವಿಲ್ಲದ ದಾರಿ. ಆದರೂ ಗಾಳಿ ಇಡೀ ಗುಂಪನ್ನು ಸೀಳಿಹಾಕಿತು. ಮುಂದೆ ಉಳಿದವರೊಳಗಿಂದ ಮಾರ್ಕ್ ಕ್ಯಾವೆಂಡಿಶ್ ಗೆದ್ದ.

ಸಮುದ್ರ ರಸ್ತೆಯನ್ನೇ ನುಂಗುವ ಜಾಗಗಳೂ ಇವೆ. ಫ್ರಾನ್ಸಿನ ನುವಾರ್‌ಮುತಿಯೇ ದ್ವೀಪಕ್ಕೆ ಹೋಗುವ ಪಸಾಜ್ ದು ಗ್ವಾ ಸುಮಾರು 4 ಕಿಲೋಮೀಟರ್ ಉದ್ದದ ದಾರಿ. ದಿನಕ್ಕೆ ಎರಡು ಸಲ ಭರತದಲ್ಲಿ ಮುಳುಗುತ್ತದೆ. ನೀರು ಇಳಿದ ಮೇಲೂ ಪಾಚಿ ಹಿಡಿದು ಜಾರುತ್ತಿರುತ್ತದೆ. 1999ರ ಟೂರ್ ಅದರ ಮೇಲೆ ಹಾದಾಗ ಸವಾರರು ರಾಶಿ ಬಿದ್ದರು. ಸ್ವಿಟ್ಜರ್ಲೆಂಡಿನ ಆಲೆಕ್ಸ್ ಜುಲೆ ಆ ಒಂದೇ ದಿನ 6 ನಿಮಿಷಕ್ಕೂ ಹೆಚ್ಚು ಹೊತ್ತು ಕಳೆದುಕೊಂಡ. ವೃತ್ತಿಪರರ ಪಾಡೇ ಹೀಗಾದರೆ ನಾವು ಭರತ-ಇಳಿತದ ವೇಳಾಪಟ್ಟಿ ನೋಡದೆ ಇಂಥ ದಾರಿಗೆ ಇಳಿಯಲೇಬಾರದು.

ಸೈಕಲ್ಲಿನ ಬಗ್ಗೆ ಒಂದೆರಡು ಮಾತು. ಟೈರು 28ರಿಂದ 32 ಮಿಲಿಮೀಟರ್ ಇದ್ದರೆ ಒಳ್ಳೆಯದು. ಗಾಳಿ ಕಲ್ಲಿನಂತೆ ತುಂಬಬೇಡಿ. ತಿರುವಿನಲ್ಲಿ ತೆಳುವಾಗಿ ಹರಡಿದ ಮರಳು ಡಾಂಬರಿನ ಬಣ್ಣದಲ್ಲೇ ಬೆರೆತು ಕಾಣುವುದೇ ಇಲ್ಲ. ಮುಂದಿನ ಚಕ್ರದಡಿ ಸರಸರ ಸದ್ದಾದಾಗಲೇ ಗೊತ್ತಾಗುವುದು. ಆ ಕ್ಷಣ ಬ್ರೇಕ್ ಮುಟ್ಟಬಾರದು, ಸೈಕಲ್ ನೆಟ್ಟಗೆ ಮಾಡಿಕೊಂಡು ಹಾಗೇ ಉರುಳಿಬಿಡಬೇಕು. ಮನೆಗೆ ಬಂದ ಮೇಲೆ ಚೈನಿನ ಮೇಲೆ ಬೆರಳಾಡಿಸಿ ನೋಡಿ. ಕಪ್ಪು ಎಣ್ಣೆಯ ಜೊತೆ ಸಣ್ಣ ಕಣಗಳು ಚರಚರ ಅನ್ನುತ್ತವೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಒರೆಸದ ಚೈನು ಒಣಗುವುದೇ ಇಲ್ಲ, ತುಕ್ಕು ಹಿಡಿಯುತ್ತದೆ. ಸಿಹಿನೀರಲ್ಲಿ ಮೆಲ್ಲಗೆ ತೊಳೆದು, ಒರೆಸಿ, ಎಣ್ಣೆ ಹಾಕಿ. ಪ್ರೆಶರ್ ವಾಷರ್ ಹಿಡಿದರೆ ಉಪ್ಪುನೀರು ಬೇರಿಂಗ್ ಒಳಗೇ ಸೇರಿಕೊಳ್ಳುತ್ತದೆ. ಕಾರ್ಬನ್ ಫ್ರೇಮಿನಲ್ಲಿ ಅಲ್ಯುಮಿನಿಯಂ ಸೀಟ್‌ಪೋಸ್ಟ್ (ಸೀಟು ಹೊರುವ ಕೊಳವೆ) ಇದ್ದರೆ ಆಗಾಗ ಹೊರಗೆ ತೆಗೆದು ಕಾರ್ಬನ್ನಿಗೆಂದೇ ಸಿಗುವ ಪೇಸ್ಟ್ ಹಚ್ಚಿ, ಇಲ್ಲವಾದರೆ ಒಂದು ದಿನ ಅದು ಕಚ್ಚಿಕೊಂಡು ಬರುವುದೇ ಇಲ್ಲ. ಅಲೆಗಳ ಪಕ್ಕದಲ್ಲಿ ಉಪ್ಪಿನ ಹನಿ ಜಾಸ್ತಿ, ಒಳಗೆ ಹೋದಷ್ಟೂ ಕಡಿಮೆ. ಒಳದಾರಿಗೆ ಇದೂ ಒಂದು ಅಂಕ.

ನನಗೆ ನಿಜವಾಗಿ ಬೇಜಾರಿರುವುದು ಬೇರೆ ವಿಷಯಕ್ಕೆ. ತೀರದಲ್ಲಿ ಸೈಕಲ್ಲಿಗೆ ಏನಾದರೂ ಮಾಡಬೇಕು ಅಂದ ಕೂಡಲೇ ದುಡ್ಡೆಲ್ಲ ಬೀಚಿನ ಪಕ್ಕದ ಬಣ್ಣದ ಪಟ್ಟಿಗೆ ಹೋಗುತ್ತದೆ. ಅದರಲ್ಲಿ ಜನ ನಡೆಯುತ್ತಾರೆ, ಮಕ್ಕಳು ಆಡುತ್ತಾರೆ. ನಡೆಯಲಿ, ಆಡಲಿ, ಅದು ಅವರ ಜಾಗವೇ. ಆದರೆ ದೂರ ಹೋಗುವ ಸವಾರನಿಗೆ ಅದರಿಂದ ಏನೂ ಸಿಗುವುದಿಲ್ಲ. ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯ 1995ರಲ್ಲಿ ಬೇರೆ ಥರ ಯೋಚಿಸಿತು. ಇದ್ದ ಸಣ್ಣ ರಸ್ತೆಗಳು, ಸೈಕಲ್ ದಾರಿಗಳು ಸೇರುವ ಜಾಗಗಳಿಗೆ ನಂಬರ್ ಕೊಟ್ಟು, ಒಂದು ನಂಬರಿನಿಂದ ಇನ್ನೊಂದಕ್ಕೆ ಬಾಣದ ಗುರುತು ಹಾಕಿದರು. ಸವಾರ ನಾಲ್ಕೈದು ನಂಬರ್ ಚೀಟಿಯಲ್ಲಿ ಬರೆದುಕೊಂಡು ಹೊರಟರೆ ಸಾಕು. ಆಮೇಲೆ ನೆದರ್‌ಲ್ಯಾಂಡ್ಸ್ ಕೂಡ ಅದನ್ನೇ ಹಿಡಿಯಿತು.

ಇಂಥದ್ದು ಎಲ್ಲಿ ಬೇಕಾದರೂ ಆಗಬಹುದು. ಬೇಕಾದದ್ದು ಗುರುತಿನ ಕಂಬಗಳು, ಮುಚ್ಚಿದ ಗುಂಡಿಗಳು, ಕಡಿಮೆ ವೇಗದ ಮಿತಿ. 60ರ ವೇಗದಲ್ಲಿ ಬರುವ ಕಾರಿನ ಚಲನ ಶಕ್ತಿ 30ರಲ್ಲಿ ಬರುವುದರ ನಾಲ್ಕು ಪಟ್ಟು. ಕಿರಿದಾದ ರಸ್ತೆ, ತಿರುವು, ಬದಿಯ ಮರ ಇವೇ ಕಾರಿನವರನ್ನು ನಿಧಾನ ಮಾಡಿಸುತ್ತವೆ. ಆದರೆ ಸುಧಾರಣೆ ಅಂದರೆ ಅಗಲೀಕರಣ ಅನ್ನುವ ಅಭ್ಯಾಸ ಬಿದ್ದುಬಿಟ್ಟಿದೆ. ಬದಿಯ ಮರ ಹೋಗುತ್ತದೆ, ತಿರುವು ನೆಟ್ಟಗಾಗುತ್ತದೆ, ಹೆದ್ದಾರಿ ಜಾಮ್ ಆದಾಗ ನ್ಯಾವಿಗೇಶನ್ ಆ್ಯಪ್ ಎಲ್ಲ ಕಾರುಗಳನ್ನೂ ಅಲ್ಲಿಗೇ ಕಳಿಸುತ್ತದೆ. ಒಳದಾರಿಗೆ ಹೊಸ ಡಾಂಬರು ಹಾಕಲಿ, ಖಂಡಿತ ಬೇಕು. ಅಗಲ ಮಾತ್ರ ಇದ್ದಷ್ಟೇ ಇರಲಿ, ಬದಿಯ ಮರ ಒಂದನ್ನೂ ಕಡಿಯಬೇಡಿ.