ಅದರ ಹೆಸರು ಕಳೆ ಅಲ್ಲ

ಬೆಳಗ್ಗೆ ಹಾಲು ತರಲು ಹೋಗಿದ್ದೆ. ನಮ್ಮ ರಸ್ತೆ ಕೊನೆಯ ಖಾಲಿ ಸೈಟು ಗೊತ್ತಲ್ಲ, ಅಲ್ಲಿ ಪುಟ್ಟ ಹುಡುಗಿಯೊಬ್ಬಳು ಕುಕ್ಕರಗಾಲಲ್ಲಿ ಕೂತು ನೇರಳೆ ಹೂವು ನೋಡುತ್ತಿದ್ದಳು. "ಅಪ್ಪಾ, ಇದು ಯಾವ ಹೂವು?" ಅವರಪ್ಪ ಫೋನಿನಿಂದ ಕಣ್ಣೆತ್ತಲಿಲ್ಲ. "ಕಳೆ ಅದು. ಮುಟ್ಟಬೇಡ, ಬಾ."

ಆಗಿನಿಂದ ಸಿಟ್ಟು ಇಳಿದಿಲ್ಲ. ಕಳೆ ಅನ್ನೋದು ಹೆಸರಾ? ರಾಗಿ ಸಾಲಿನಲ್ಲಿ ಬಂದರೆ ಕಳೆ, ಒಪ್ಪುತ್ತೇನೆ. ನಾನೂ ಕಳೆ ಕಿತ್ತು ಬೆಳೆದವಳೇ. ಆ ಸೈಟಿನಲ್ಲಿ ಯಾವ ಬೆಳೆ ಇದೆ ಹೇಳಿ?

ಅದು ಸಹದೇವಿ. ಒಂದು ಮಳೆ ಬಿದ್ದರೆ ಸಾಕು, ಕಾಂಪೌಂಡ್ ಬುಡದಲ್ಲಿ, ಮೋರಿ ಕಲ್ಲಿನ ಸಂದಿಯಲ್ಲಿ ಎದ್ದು ನಿಲ್ಲುತ್ತದೆ. ಕಡ್ಡಿಯಂಥ ಕಾಂಡ, ತುದಿಯಲ್ಲಿ ಕಡಲೆಕಾಳಿನಷ್ಟೂ ಇಲ್ಲದ ನೇರಳೆ ಕುಚ್ಚು. ಅಂಗೈ ಮೇಲಿಟ್ಟು ಬಿಡಿಸಿ ನೋಡಿ. ಒಂದು ಹೂವು ಅಂದುಕೊಂಡಿದ್ದು 20ರ ಆಸುಪಾಸು ಹೂವುಗಳ ಗೊಂಚಲು. ಒಂದೊಂದೂ ಪುಟ್ಟ ಕೊಳವೆ, ಬಾಯಲ್ಲಿ ಐದು ಸೀಳು. ಸೂರ್ಯಕಾಂತಿ, ಸೇವಂತಿಗೆ ಬಳಗದ್ದು. ಬಲಿತ ಮೇಲೆ ಬೀಜ ಬಿಳಿ ಕೂದಲು ಕಟ್ಟಿಕೊಂಡು ಗಾಳಿಗೆ ಹಾರುತ್ತದೆ. ಎಲೆ, ಕಾಂಡದ ಮೇಲೆ ಬೂದಿ ಬಣ್ಣದ ಸಣ್ಣ ರೋಮ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟ ಲ್ಯಾಟಿನ್ ಹೆಸರಿನಲ್ಲೂ ಆ ಬೂದಿ ಬಣ್ಣವೇ ಇದೆ. ಪಕ್ಕದಲ್ಲೇ ಬೆಳೆಯುವ, ನೋಡಲು ಇದರಂತೆಯೇ ಕಾಣುವ ಅಜೆರಾಟಮ್ ಅನ್ನೋ ಗಿಡ ಬೇರೆ. ಅದರ ಎಲೆಗಳು ಜೋಡಿ ಜೋಡಿ, ಹೊಸಕಿದರೆ ಘಾಟು. ಸಹದೇವಿಯ ಎಲೆ ಒಂದು ಈ ಕಡೆ, ಒಂದು ಆ ಕಡೆ.

ಕಾಂಗ್ರೆಸ್ ಗಿಡ ತಾಗಿದರೆ ಮೈಯೆಲ್ಲ ತುರಿಕೆ, ಮಕ್ಕಳನ್ನು ದೂರ ಇಡಬಾರದಾ ಅನ್ನುತ್ತೀರಿ. ಇಡಿ. ಅದರ ಹೂವು ಬಿಳಿ. ಅದನ್ನು ಗುರುತಿಸಲು ಕಲಿತ ಮಗು ಸಹದೇವಿಗೆ ಯಾಕೆ ಹೆದರಬೇಕು? ಗುರುತು ಕಲಿಸಿ ಅಂತಲೇ ಅಲ್ವಾ ನಾನು ಬಡಕೊಳ್ಳುತ್ತಿರುವುದು!

ನಿಜ ಹೇಳಬೇಕೆಂದರೆ ಈ ಸಿಟ್ಟು ಅರ್ಧ ನನ್ನ ಮೇಲೆಯೇ. ಅಜ್ಜಿ ಬದುವಿನ ಮೇಲೆ ನಡೆಯುತ್ತಾ ಒಂದೊಂದು ಗಿಡದ ಹೆಸರು ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಈ ಗಿಡ ತೋರಿಸಿದ್ದು ಎದುರುಮನೆಯ ಮಲಯಾಳಿ ಆಂಟಿ. ಕೇರಳದಲ್ಲಿ ಪವಿತ್ರ ಅಂತ ಎಣಿಸುವ ಹತ್ತು ಗಿಡಗಳಲ್ಲಿ, ಅಂದರೆ ದಶಪುಷ್ಪದಲ್ಲಿ, ಇದೂ ಒಂದು, ಹೆಸರು ಪೂವಾಂಕುರುನ್ನಿಲ ಅಂದರು. ಅಮ್ಮನಿಗೆ ಫೋಟೊ ಕಳಿಸಿದೆ. "ಸಹದೇವಿ ಕಣೇ, ಜ್ವರ ಬಂದ್ರೆ ಅಜ್ಜಿ ಕಷಾಯ ಕಾಯಿಸ್ತಿದ್ಲಲ್ಲ. ನಿಂಗೆ ಹೇಳ್ಕೊಟ್ಟಿರಲಿಲ್ವಾ?" ಅಂದಳು.

ಹೇಳಿಕೊಟ್ಟಿದ್ದಳು.

ಆ ಹುಡುಗಿ ಅಪ್ಪನ ಕೈ ಹಿಡಿದು ತಿರುಗಿ ತಿರುಗಿ ನೋಡುತ್ತಾ ಹೋದಳು. ಪುಟ್ಟಾ, ಅದು ಸಹದೇವಿ ಅಂತ ನಾನು ಕೂಗಿ ಹೇಳಬೇಕಿತ್ತು. ಹಾಲಿನ ಪ್ಯಾಕೆಟ್ ಹಿಡಿದು ಸುಮ್ನೆ ನಿಂತುಬಿಟ್ಟೆ. ನಾಳೆಯೂ ಅದೇ ಹೊತ್ತಿಗೆ ಹಾಲಿಗೆ ಹೋಗುತ್ತೇನೆ.