ಹತ್ತು ಹೆಜ್ಜೆ ನಡೆಸಿ ಕಾಲು ಸರಿ ಇದೆ ಅಂದುಬಿಟ್ಟರು

ನಿನ್ನೆ ಮತ್ತೆ ಅದೇ ಆಯಿತು. ಕೃತಕ ಕಾಲು ನೋಡುವವರ ಹತ್ತಿರ ನನ್ನ ಕಾಲು ತೋರಿಸಲು ಹೋಗಿದ್ದೆ. ಎರಡೂವರೆ ತಾಸು ಬೆಂಚಿನ ಮೇಲೆ ಕಾದೆ. ಒಳಗೆ ಕರೆದು, ಎರಡು ಕಂಬಿಗಳ ನಡುವೆ ಆ ತುದಿಯಿಂದ ಈ ತುದಿಗೆ ನಡೆಸಿದರು. ಹತ್ತು ಹೆಜ್ಜೆ ಇರಬಹುದು. "ಛಲೋ ನಡೀತೀರಲ್ರಿ ಅಕ್ಕಾರ, ಮತ್ತೇನ್ ತ್ರಾಸ?" ಎಂದರು. ಫೈಲಿನಲ್ಲಿ 'ಸರಿಯಾಗಿ ನಡೆಯುತ್ತಾರೆ' ಎಂದು ಬರೆದರು. ಕಾಲು ಬಿಚ್ಚಿಸಿ ನೋಡಲೇ ಇಲ್ಲ.

ಆ ಕಾಲಿನೊಳಗೆ ಹುಣ್ಣಿತ್ತು. ಅದನ್ನು ತೋರಿಸಲೆಂದೇ ನಾನು ಹೋಗಿದ್ದು.

ನನ್ನ ಎಡಗಾಲು ಹೋಗಿ ಐದು ವರ್ಷ. ಕೂತಿದ್ದ ಟಂಟಂ ಆಟೋ ಪಲ್ಟಿಯಾಗಿತ್ತು. ಮೊಣಕಾಲು ಉಳಿಯಿತು, ಅದರ ಕೆಳಗೆ ಒಂದು ಗೇಣಿಗಿಂತ ಕಡಿಮೆ ಇದೆ. ವಿಜಯಪುರದಲ್ಲಿ ನನ್ನದು ರೊಟ್ಟಿ ಕೆಲಸ. ಖಾನಾವಳಿಗೆ, ಮದುವೆ ಮನೆಗೆ ಜೋಳದ ರೊಟ್ಟಿ ಮಾಡಿ ಕೊಡುತ್ತೇನೆ. ದಿನಕ್ಕೆ 150 ರೊಟ್ಟಿ, ಸೀಜನ್ನಿನಲ್ಲಿ ಇನ್ನೂ ಜಾಸ್ತಿ. ನೆಲದ ಮೇಲೆ ಕೂತು ಬಡಿಯಬೇಕು. ನೀರಿಗೆ, ಹಿಟ್ಟಿಗೆ, ಬಾಗಿಲಿಗೆ ಬಂದವರಿಗೆ ಎಂದು ದಿನಕ್ಕೆ ಮೂವತ್ತು ಸಲವಾದರೂ ನೆಲದಿಂದ ಏಳಬೇಕು. ಈ ಐದು ವರ್ಷದಲ್ಲಿ ಆ ಕೋಣೆಯಲ್ಲಿ ಒಬ್ಬರಾದರೂ "ನೀವು ನೆಲದ ಮೇಲೆ ಕೂಡುತ್ತೀರಾ?" ಎಂದು ಕೇಳಿಲ್ಲ.

ನಮ್ಮ ಅಕ್ಕನ ಮಗ ಫಿಸಿಯೋಥೆರಪಿ ಓದುತ್ತಿದ್ದಾನೆ. ಪರೀಕ್ಷೆಗಳು ಬೇಕಾದಷ್ಟಿವೆ ಚಿಗವ್ವ, ಮಾಡುವುದಿಲ್ಲ ಅಷ್ಟೇ ಎನ್ನುತ್ತಾನೆ. ಒಂದರಲ್ಲಿ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಸಮಯ ನೋಡುತ್ತಾರೆ. ನನ್ನಂತೆ ಮೊಣಕಾಲ ಕೆಳಗೆ ಕಾಲು ಕಳೆದುಕೊಂಡವರನ್ನೇ ಇಟ್ಟುಕೊಂಡು ಮಾಡಿದ ಅಧ್ಯಯನ 2007ರಲ್ಲಿ ಬಂದಿದೆ. ಇದಕ್ಕೆ 19 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಪದೇ ಪದೇ ಬೀಳುವ ಅಪಾಯ ಹೆಚ್ಚು ಎಂದು ಅದರಲ್ಲಿದೆಯಂತೆ. ಇನ್ನೊಂದರಲ್ಲಿ 6 ನಿಮಿಷ ನಡೆಸಿ ಎಷ್ಟು ದೂರ ಹೋದರು ಎಂದು ಅಳೆಯುತ್ತಾರೆ. ಬೇಕಾಗುವುದು ಒಂದು ಕುರ್ಚಿ, ಒಂದು ಗಡಿಯಾರ, ಒಂದು ಟೇಪು. ನನಗೆ ಇದರಲ್ಲಿ ಯಾವುದನ್ನೂ ಮಾಡಿಸಿಲ್ಲ. ಮಾಡಿಸಿದರೂ ನಮ್ಮ ಮನೆಯಲ್ಲಿ ಕುರ್ಚಿ ಎಲ್ಲಿದೆ? ನಾನು ಏಳುವುದು ನೆಲದಿಂದ. ಅದನ್ನೂ ನೋಡಬೇಕಲ್ವಾ?

ಇನ್ನು ಬೂಟಿನ ಮಾತು. ಅಲ್ಲಿ ಹೋದಾಗೆಲ್ಲ ಬೂಟು ಹಾಕಿಸಿ ನಡೆಸುತ್ತಾರೆ. ನನಗೆ ಕೊಟ್ಟ ಪಾದ ಬೂಟಿನ ಹಿಮ್ಮಡಿ ಎತ್ತರಕ್ಕೆ ಹೊಂದಿಸಿದ್ದು. ಬೂಟು ಬಿಚ್ಚಿದರೆ ಹಿಮ್ಮಡಿ ಕೆಳಗಿಳಿಯುತ್ತದೆ, ಇಡೀ ಕಾಲು ಹಿಂದಕ್ಕೆ ವಾಲುತ್ತದೆ, ಮೊಣಕಾಲನ್ನು ಯಾರೋ ಹಿಂದಕ್ಕೆ ನೂಕಿದ ಹಾಗಾಗುತ್ತದೆ. ಅಡುಗೆ ಮನೆಯಲ್ಲಿ ಬೂಟು ಹಾಕಿಕೊಂಡು ಓಡಾಡುತ್ತೇವಾ? ದೇವರ ಮುಂದೆ? ಜೈಪುರ ಕಾಲು ಎನ್ನುವ ಕೃತಕ ಕಾಲು ಹುಟ್ಟಿದ್ದೇ ಈ ಕಾರಣಕ್ಕೆ. 1968ರ ಸುಮಾರಿಗೆ ಜೈಪುರದಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಸೇರಿ ಅದನ್ನು ಮಾಡಿದರು. ನಮ್ಮ ಜನ ಬರಿಗಾಲಲ್ಲಿ ನಡೆಯುತ್ತಾರೆ, ಕುಕ್ಕರುಗಾಲಲ್ಲಿ ಕೂರುತ್ತಾರೆ, ಗದ್ದೆಯ ನೀರಿಗೆ ಇಳಿಯುತ್ತಾರೆ ಎಂದು ಅವರು ಅವತ್ತೇ ನೋಡಿದ್ದರು. ಇಷ್ಟು ವರ್ಷ ಆದ ಮೇಲೂ ನನ್ನನ್ನು ಬೂಟು ಹಾಕಿಸಿ ಟೈಲ್ಸ್ ಮೇಲೆ ನಡೆಸಿ ಸರಿ ಇದೆ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಟೈಲ್ಸ್ ಇಲ್ಲ. ಫರ್ಸಿ ಕಲ್ಲು, ಅದರ ನಡುವೆ ಸಂದು, ಪಕ್ಕಕ್ಕೆ ಗಟಾರ.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಅವರ ಹೊತ್ತಿನ ಮೇಲೆ. ಬೆಳಿಗ್ಗೆ ಹೋದರೆ ನನ್ನ ಕಾಲು ಸರಿಯಾಗಿಯೇ ಇರುತ್ತದೆ. ಮೊಂಡು, ಅಂದರೆ ಮೊಣಕಾಲ ಕೆಳಗೆ ಉಳಿದ ಕಾಲಿನ ತುಂಡು, ಬೆಳಿಗ್ಗೆ ಇದ್ದ ಹಾಗೆ ಸಂಜೆ ಇರುವುದಿಲ್ಲ. ದಿನವೆಲ್ಲ ಹಾಕಿಕೊಂಡಿದ್ದರೆ ಅದು ಸಣ್ಣಗಾಗುತ್ತದೆ. ಸಾಕೆಟ್, ಅಂದರೆ ಕೃತಕ ಕಾಲಿನಲ್ಲಿ ಮೊಂಡು ಕೂರುವ ಗೂಡು, ಸಡಿಲವಾಗಿ ಮೊಂಡು ಇನ್ನೂ ಒಳಗೆ ಇಳಿಯುತ್ತದೆ. ಮಂಡಿಚಿಪ್ಪಿನ ಕೆಳಗೆ ಬೀಳಬೇಕಾದ ಭಾರ ಎಲ್ಲೆಲ್ಲೋ ಬೀಳುತ್ತದೆ. ಮೊಣಕಾಲ ಕೆಳಗೆ ಹೊರಬದಿಗೆ ಒಂದು ಗುಂಡನೆಯ ಎಲುಬಿದೆ, ಅದು ಸಾಕೆಟ್ಟಿಗೆ ಉಜ್ಜುತ್ತದೆ. ಮೊಂಡಿನ ತುದಿ ತಳಕ್ಕೆ ಬಡಿಯುತ್ತದೆ. ಸಡಿಲು ತುಂಬಲು ಮಧ್ಯಾಹ್ನ ಮೊಂಡಿಗೆ ಒಂದು ಸಾಕ್ಸ್ ಜಾಸ್ತಿ ಹಾಕುತ್ತೇನೆ, ನಾಲ್ಕು ಗಂಟೆಗೆ ಇನ್ನೊಂದು. ಅದರ ಮೇಲೆ ನಮ್ಮೂರ ಬೇಸಿಗೆ, 40 ಡಿಗ್ರಿ ದಾಟುತ್ತದೆ. ಒಲೆ ಮುಂದೆ ಕೂತರೆ ಕೇಳುವುದೇ ಬೇಡ. ಮೊಂಡಿಗೆ ಹಾಕುವ ಮೆತ್ತನೆ ಕವಚ, ಲೈನರ್, ತೆಗೆದರೆ ಬೆವರು ತೊಟ್ಟಿಕ್ಕುತ್ತದೆ. ತಿಂಗಳ ದಿನಗಳಲ್ಲಿ ಇದೇ ಮೊಂಡು ಬಾತು ಸಾಕೆಟ್ಟಿನೊಳಗೆ ಹೋಗುವುದೇ ಕಷ್ಟ. ಹತ್ತು ಜನ ನಿಂತಿರುವ ಕಡೆ ಸೀರೆ ಮೊಣಕಾಲ ತನಕ ಎತ್ತಿಸಿ ನಿಲ್ಲಿಸುವ ಜಾಗದಲ್ಲಿ ಆ ಮಾತು ಹೇಗೆ ಹೇಳಲಿ? ಒಂದು ಪರದೆಯಾದರೂ ಕಟ್ಟಬಾರದಾ?

ಒಮ್ಮೆ, ಒಮ್ಮೆ ಮಾತ್ರ, ಸರಿಯಾಗಿ ನೋಡಿದವರು ಸಿಕ್ಕಿದ್ದರು. ಬೇರೆ ಊರಿನ ಕ್ಯಾಂಪು. ಕಾಲು ಮಾಡುವ ಒಬ್ಬ ವಯಸ್ಸಾದವರು. ಮೊದಲ ಮಾತೇ, "ದಿನಾ ಏನ್ ಕೆಲಸ ಮಾಡ್ತಿ ಯವ್ವಾ?" ಆಮೇಲೆ ಕಾಲು ಬಿಚ್ಚಿಸಿದರು. ಎಲ್ಲೆಲ್ಲಿ ಕೆಂಪಾಗಿದೆ ನೋಡಿದರು. ಹತ್ತು ನಿಮಿಷ ಸುಮ್ನೆ ಕೂರಿಸಿ ಮತ್ತೆ ನೋಡಿದರು. ಹತ್ತು ನಿಮಿಷದಲ್ಲಿ ಕೆಂಪು ಮಾಯವಾದರೆ ಪರವಾಗಿಲ್ಲ, ಹಾಗೇ ಉಳಿದರೆ ಅಲ್ಲಿ ಒತ್ತುತ್ತಿದೆ ಎಂದು ಅರ್ಥ, ದಿನಾ ರಾತ್ರಿ ಕನ್ನಡಿ ಹಿಡಿದು ನೀನೇ ನೋಡಿಕೋ ಎಂದರು. ಮೊಂಡು ತಳಕ್ಕೆ ಎಷ್ಟು ತಾಗುತ್ತದೆ ಎಂದು ತಿಳಿಯಲು ಸಾಕೆಟ್ಟಿನ ತಳಕ್ಕೆ ಮೆತ್ತನೆ ಮಣ್ಣಿನ ಒಂದು ಗೋಲಿ ಇಟ್ಟು, ನಿಲ್ಲಿಸಿ, ತೆಗೆದು, ಅದು ಎಷ್ಟು ಚಪ್ಪಟೆಯಾಗಿದೆ ಎಂದು ನೋಡಿದರು. ಹಿಂದೆ ನಿಂತು ಸೊಂಟದ ಎರಡೂ ಎಲುಬಿನ ಮೇಲೆ ಕೈಯಿಟ್ಟು ಎತ್ತರ ಸಮ ಇದೆಯಾ ಎಂದು ಪರೀಕ್ಷಿಸಿದರು. ಮೊಣಕಾಲು ಪೂರ್ತಿ ಚಾಚುತ್ತದಾ ನೋಡಿ, ಮಲಗುವಾಗ ಅದರ ಕೆಳಗೆ ದಿಂಬು ಇಡಬೇಡ, ಗಂಟು ಬಿಗಿದುಬಿಡುತ್ತದೆ ಎಂದು ಬೈದರು. ಹೊರಗೆ ಮಣ್ಣಿನ ಮೇಲೆ, ಇಳಿಜಾರಿನಲ್ಲಿ ನಡೆಸಿದರು. ಒಳ್ಳೆಯ ಕಾಲನ್ನೂ ಬಿಡದೆ ನೋಡಿದರು, ಈಗ ಎರಡು ಕಾಲಿನ ಭಾರ ಅದೇ ಹೊರುವುದು ಎಂದರು. ಎಲ್ಲ ಸೇರಿ ಮುಕ್ಕಾಲು ತಾಸು ಹಿಡಿದಿರಬಹುದು. ಆ ವರ್ಷ ನನಗೆ ಒಂದು ಹುಣ್ಣೂ ಆಗಲಿಲ್ಲ.

ಅದಕ್ಕೇ ಈಗ ಹೊಟ್ಟೆ ಉರಿಯುತ್ತದೆ. ಬರೆದ ಆ ಒಂದು ಸಾಲು ಫೈಲಿನಲ್ಲಿ ಕೂತುಬಿಟ್ಟಿದೆ. ಹೊಸ ಸಾಕೆಟ್ ಕೇಳಿದರೆ ಅದನ್ನೇ ಓದುತ್ತಾರೆ. "ಇಲ್ಲಿ ಬರೆದದ್ ನೋಡ್ರಿ, ಸರಿ ಐತಿ ಅಂತ." ನನ್ನ ಬಾಯಿಮಾತಿಗಿಂತ, ನನ್ನ ಹುಣ್ಣಿಗಿಂತ ಆ ಸಾಲು ದೊಡ್ಡದು. ಹೋದ ವಾರ ಹುಣ್ಣಿನಿಂದ ನಾಲ್ಕು ದಿನ ಕಾಲು ಹಾಕಲಾಗಲಿಲ್ಲ. ಒಂದು ಮದುವೆ ಮನೆಯ 600 ರೊಟ್ಟಿ ಆರ್ಡರ್ ಬೇರೆಯವರಿಗೆ ಹೋಯಿತು. ಆ ದುಡ್ಡು ಯಾರು ಕೊಡುತ್ತಾರೆ?

ನಿನ್ನೆ ನಾನು ಎದ್ದು ಬರಲಿಲ್ಲ. ಅಲ್ಲೇ ಜಗಳ ತೆಗೆದೆ. ಸೋಮವಾರ ಮತ್ತೆ ಬನ್ನಿ ಎಂದಿದ್ದಾರೆ. ಸಂಜೆ ಬರಲಾ ಎಂದು ಕೇಳಿದೆ. ಆಗುವುದಿಲ್ಲವಂತೆ, ಮಧ್ಯಾಹ್ನ ಒಂದು ಗಂಟೆಯೊಳಗೇ ಬರಬೇಕಂತೆ. ಸರಿ. ಸೋಮವಾರ ಮೂರು ಗಂಟೆಗೇ ಎದ್ದು ಕಾಲು ಹಾಕಿಕೊಳ್ಳುತ್ತೇನೆ. ಒಲೆ ಹಚ್ಚಿ ನೂರು ರೊಟ್ಟಿ ಬಡಿಯುತ್ತೇನೆ. ಆಮೇಲೆ ಕಾಲು ಬಿಚ್ಚದೆ, ಸಾಕ್ಸ್ ಬದಲಿಸದೆ ಹಾಗೇ ಹೋಗಿ ಅವರ ಮುಂದೆ ನೆಲದ ಮೇಲೆ ಕೂರುತ್ತೇನೆ. ಅಲ್ಲಿಂದ ಏಳುವುದನ್ನು ನೋಡಲಿ. ನೋಡಿ ಬರೆಯಲಿ.